ಗೃಹಕೃತ್ಯಕ್ಕೆ ಬೆಲೆ ಬಂದ ಬಗೆ

ಅಡಿಗೆ ಹೋಟೆಲಿನಲ್ಲಾದರೆ ಉದ್ಯೋಗ, ಮನೆಯಲ್ಲಾದರೆ ಗೃಹಕೃತ್ಯ. ಮೊದಲನೆಯದಕ್ಕೆ ಸಂಬಳವುಂಟು, ಎರಡನೆಯದಕ್ಕಿಲ್ಲ. ಈ ಭೇದವನ್ನು ನಾವು ಸಹಜವೆಂದೇ ತಿಳಿದಿದ್ದೇವೆ. ಆದರೆ ಇದಕ್ಕೂ ಒಂದು ಇತಿಹಾಸವಿದೆ.

ಇಂಗ್ಲೆಂಡಿನ 1851ರ ಜನಗಣತಿಯು ಹೆಂಡತಿ, ತಾಯಿ, ಮನೆಯೊಡತಿಯರ ಕೆಲಸಕ್ಕೆ ವೃತ್ತಿಗಳ ಪಟ್ಟಿಯಲ್ಲೇ ಒಂದು ವರ್ಗವನ್ನು ಮೀಸಲಿಟ್ಟಿತ್ತು. 1881ರ ಜನಗಣತಿಯಲ್ಲಿ ಅವರನ್ನು ಉದ್ಯೋಗವಿಲ್ಲದವರ ಸಾಲಿಗೆ ಸರಿಸಲಾಯಿತು. ಆ ಮೂವತ್ತು ವರ್ಷಗಳಲ್ಲಿ ಅವರ ಒಲೆಯೇನೂ ಆರಿರಲಿಲ್ಲ. ಬದಲಾದದ್ದು ಎಣಿಸುವವರ ದೃಷ್ಟಿ. ಸ್ವತಂತ್ರ ಭಾರತದ 2001ರ ಜನಗಣತಿ ಕೂಡ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳೊಡನೆ ದುಡಿಯದವರ ಗುಂಪಿಗೆ ಸೇರಿಸಿತು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎ. ಕೆ. ಗಂಗೂಲಿಯವರು 2010ರ ತೀರ್ಪೊಂದರಲ್ಲಿ ಇದನ್ನು ಕಟುವಾಗಿ ಟೀಕಿಸಿದರು.

ಆ ನ್ಯಾಯಾಲಯದ ಮುಂದೆ ಈ ಪ್ರಶ್ನೆ ಬಂದದ್ದು ಸಾವಿನ ಮೂಲಕ. 1989ರ ಮಾರ್ಚ್ 3ರಂದು ಜಮಶೇದಪುರದ ಸಮಾರಂಭವೊಂದರಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ಪ್ರಾಣ ಕಳೆದುಕೊಂಡರು. ಪರಿಹಾರದ ಲೆಕ್ಕಕ್ಕೆ ಮೃತರ ಸಂಪಾದನೆ ಗೊತ್ತಾಗಬೇಕು. ಗೃಹಿಣಿಯ ಸಂಪಾದನೆ ಎಷ್ಟೆಂದು ಹೇಳುವುದು? ಹನ್ನೆರಡು ವರ್ಷಗಳ ಬಳಿಕ, 2001ರಲ್ಲಿ, ನ್ಯಾಯಾಲಯವು ಅವರ ಸೇವೆಯನ್ನು ತಿಂಗಳಿಗೆ 3,000 ರೂಪಾಯಿಯೆಂದು ಅಂದಾಜು ಮಾಡಿತು. ಇದ್ದಾಗ ಬೆಲೆಯಿಲ್ಲದ ದುಡಿಮೆಗೆ ಸತ್ತ ಮೇಲೆ ದರ ಗೊತ್ತಾಯಿತು.

ಈ ದುಡಿಮೆಯ ಪ್ರಮಾಣ ಅಲ್ಪವೇನಲ್ಲ. ಕೇಂದ್ರ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ನೂರಕ್ಕೆ 81 ಹೆಂಗಸರು ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದರು. ಗಂಡಸರಲ್ಲಿ ಹಾಗೆ ತೊಡಗಿದವರು ನೂರಕ್ಕೆ 26 ಮಂದಿ. ತೊಡಗಿದವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕಾಗಿ ವ್ಯಯಿಸುತ್ತಿದ್ದರು. ಸುಮಾರು ಐದು ಗಂಟೆಗಳನ್ನು ಹೀಗೆ ಕೊಟ್ಟವಳಿಗೆ ಹೊರಗೆ ಹೋಗಿ ಸಂಪಾದಿಸಲು ಉಳಿಯುವ ಹೊತ್ತೆಷ್ಟು? ಗಂಡನ ಸಂಬಳದ ಹಿಂದೆ ಈ ಐದು ಗಂಟೆಗಳ ಆಸರೆಯಿದೆ ಎಂಬುದನ್ನು ಮರೆಯುವಂತಿಲ್ಲ.

ಬದುಕಿರುವಾಗಲೇ ಈ ಆಸರೆಗೆ ಮನ್ನಣೆ ಬೇಡವೆ? 2023ರ ಜೂನ್‌ನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಈ ದಿಕ್ಕಿನಲ್ಲಿ ಒಂದು ಹೆಜ್ಜೆಯಿಟ್ಟಿತು. ಗಂಡ ಸೌದಿ ಅರೇಬಿಯದಲ್ಲಿ ದುಡಿದು ಹಣ ಕಳುಹಿಸಿದ್ದ. ಹೆಂಡತಿ ಊರಿನಲ್ಲಿ ಮನೆ, ಮಕ್ಕಳನ್ನು ನೋಡಿಕೊಂಡಿದ್ದಳು. ಆ ಹಣದಿಂದ ಕೊಂಡ ಆಸ್ತಿಯಲ್ಲಿ ಆಕೆಗೂ ಸಮಪಾಲುಂಟೆಂದು ನ್ಯಾಯಾಲಯ ಹೇಳಿತು. ಪರಿಹಾರದ ಮಾತು ಇಲ್ಲಿ ಹಕ್ಕಿನ ಮಾತಾಯಿತು. ಆದರೂ ಇದು ಕಚೇರಿ, ಕೋರ್ಟುಗಳಲ್ಲಷ್ಟೇ ತೀರ್ಮಾನವಾಗುವ ಸಂಗತಿಯಲ್ಲ. ಆ 299 ಮತ್ತು 97 ನಿಮಿಷಗಳ ಅಂತರ ಕಿರಿದಾಗಬೇಕಾದರೆ ಅದು ನಮ್ಮ ನಮ್ಮ ಅಡಿಗೆಮನೆಗಳಲ್ಲೇ ಆಗಬೇಕು.