ಮೈಲೇಜ್ ಕದ್ದವರು ಯಾರು?

ಅಂಕೋಲಾದಲ್ಲೋ ಕಾರವಾರದಲ್ಲೋ ಯಾವುದಾದರೂ ಗ್ಯಾರೇಜಿಗೆ ಹೋಗಿ, ‘ಮೈಲೇಜ್ ದಿಢೀರ್ ಅಂತ ಬಿದ್ದಿದೆ’ ಅನ್ನಿ. ಮೆಕ್ಯಾನಿಕ್ ಬಾಯಿ ತೆರೆಯೋ ಮುಂಚೆ ಪಕ್ಕದಲ್ಲಿ ಚಾ ಕುಡೀತಾ ನಿಂತವರೇ ಉತ್ತರ ಕೊಡ್ತಾರೆ: ಎಥನಾಲ್. ಬೆಂಗಳೂರಲ್ಲೂ ಅದೇ ಉತ್ತರ. ಇಪ್ಪತ್ತು ವರ್ಷದ ಹಿಂದೆ ಇದೇ ಪ್ರಶ್ನೆಗೆ ಸೀಮೆಎಣ್ಣೆ ಅಂತಿದ್ದರು, ಅದಕ್ಕೂ ಮುಂಚೆ ಕಾರ್ಬ್ಯುರೇಟರ್. ಒಂದೊಂದು ಕಾಲಕ್ಕೆ ಒಬ್ಬೊಬ್ಬ ಕಳ್ಳ.

ಮೈಲೇಜ್ ಅನ್ನೋ ಪದ ಮನೆಮಾತಾಗಿದ್ದು 1985ರ ನಂತರ. ಆ ವರ್ಷ ಬಂದ ಹೀರೋ ಹೋಂಡಾ ಸಿಡಿ 100, ಟ್ಯಾಂಕ್ ತುಂಬಿಸಿ ಮರೆತುಬಿಡಿ ಅಂತಲೇ ಜಾಹೀರಾತು ಮಾಡಿತು. ಅಲ್ಲಿಂದ ಮುಂದೆ ಗಾಡಿ ಕೊಳ್ಳುವವನ ಮೊದಲ ಪ್ರಶ್ನೆಯೇ ‘ಎಷ್ಟು ಕೊಡುತ್ತೆ?’. ಕೊಡೋದು ಕಡಿಮೆಯಾದರೆ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡ್ತಿದ್ದ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ ಅಂತ ಅರ್ಥ. ಸ್ಕ್ರೂ ತಿರುಗಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಕಾಲು ಸುತ್ತು ತಿರುಗಿಸೋದು. ಆ ಕಿವಿಗೆ ಯಾವ ಸ್ಕ್ಯಾನರ್ ಸಮ ಹೇಳಿ?

ಸೀಮೆಎಣ್ಣೆಯ ಕಥೆ ಮಾತ್ರ ಬರೀ ಗುಮಾನಿ ಆಗಿರಲಿಲ್ಲ. ರೇಷನ್ನಿನ ಸಬ್ಸಿಡಿ ಸೀಮೆಎಣ್ಣೆ ಅಗ್ಗ, ಬೆರೆಸಿದವನಿಗೆ ಲಾಭ. ಸೀಮೆಎಣ್ಣೆಯಲ್ಲಿ ಶಕ್ತಿ ಕಡಿಮೆ ಅಂತೇನಲ್ಲ. ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗಲ್ಲ, ಎಂಜಿನ್ ಬಡಿಯುತ್ತೆ, ಮಸಿ ಕಟ್ಟುತ್ತೆ. ನಮ್ಮಂಥ ಬಿಇ ಹುಡುಗರಿಗೆ ಈ ಕಥೆಯಲ್ಲಿ ಒಂದು ಹೆಸರು ಗೊತ್ತಿರಬೇಕು: ಎಸ್. ಮಂಜುನಾಥ್. ಕೋಲಾರದ ಕೆಜಿಎಫ್‌ನಲ್ಲಿ ಬೆಳೆದವರು, ಮೈಸೂರಿನ ಎಸ್‌ಜೆಸಿಇಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು. ಎಲ್ಲರ ಹಾಗೆ ಸಾಫ್ಟ್‌ವೇರ್ ಹಿಡಿದು ಆರಾಮಾಗಿರಬಹುದಿತ್ತು. ಲಖನೌ ಐಐಎಂ ಮುಗಿಸಿ ಇಂಡಿಯನ್ ಆಯಿಲ್ ಸೇರಿದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಗೋಲಾ ಗೋಕರ್ಣನಾಥದಲ್ಲಿ (ಹೌದು, ಅಂಕೋಲಾದ ಪಕ್ಕದ ನಮ್ಮ ಗೋಕರ್ಣದ ಹೆಸರೇ) ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗ ಹಾಕಿಸಿದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು 27. ಆರು ಮಂದಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2015ರಲ್ಲಿ. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಿ, ಡೆನ್ಸಿಟಿ ತೋರಿಸಿ ಅನ್ನೋ ಹಕ್ಕು ನಮಗಿದೆ. ನಾವು ಕೇಳೋದು ಬಿಟ್ಟು ಸ್ಟೇಟಸ್ ಹಾಕ್ತೀವಿ.

ಈಗಿನ ಆರೋಪಿ ಎಥನಾಲ್‌ಗೆ ಬರೋಣ. ಇದೂ ಹೊಸಬನಲ್ಲ, ಪವರ್ ಆಲ್ಕೋಹಾಲ್ ಕಾಯ್ದೆ ಬಂದಿದ್ದೇ 1948ರಲ್ಲಿ. ಪೆಟ್ರೋಲಿಗೆ 10% ಬೆರೆಸುವ ಗುರಿ ಮುಟ್ಟಿದ್ದು 2022ರ ಜೂನ್‌ನಲ್ಲಿ. 20%ರ ಇ20 ಮಾರಾಟ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಅದರ ಸಮಾರಂಭ ಆಗಿದ್ದು ಬೆಂಗಳೂರಲ್ಲೇ. ಒಂದು ಲೀಟರ್ ಎಥನಾಲ್‌ನಲ್ಲಿ ಇರೋದು ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಶಕ್ತಿ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ಯಲ್ಲಿ 6–7% ಶಕ್ತಿ ಕಡಿಮೆ, 10% ಬೆರಕೆಗೆ ಹೋಲಿಸಿದರೆ ಅದರ ಅರ್ಧ. ನೀತಿ ಆಯೋಗದ 2021ರ ವರದಿಯೂ ಹಳೇ ವಿನ್ಯಾಸದ ಕಾರಿಗೆ 6–7%, ದ್ವಿಚಕ್ರಕ್ಕೆ 3–4% ನಷ್ಟ ಅಂತಲೇ ಅಂದಾಜಿಸಿತ್ತು.

ಅಂದರೆ 45 ಕೊಡ್ತಿದ್ದ ಸ್ಕೂಟರ್ 43 ಕೊಟ್ಟರೆ ಎಥನಾಲನ್ನು ಬೈಯಿರಿ, ನಾನೂ ಜೊತೆಗೆ ಬೈತೀನಿ. ಆಯ್ಕೆಯೇ ಇಲ್ಲದೆ ಕೊಳ್ಳುವ ಪೆಟ್ರೋಲಿನಲ್ಲಿ ಶಕ್ತಿ ಕಡಿಮೆಯಾದರೆ ಬೆಲೆಯೂ ಇಳಿಯಬೇಕು ಅನ್ನೋದು ನ್ಯಾಯವಾದ ತಕರಾರು. ಆದರೆ 45 ಇದ್ದದ್ದು ಒಂದು ತಿಂಗಳಲ್ಲಿ 35ಕ್ಕೆ ಬಂದರೆ, ಬಾಕಿ ಏಳೆಂಟು ಕಿಲೋಮೀಟರ್ ಕದ್ದವನು ಇನ್ನೂ ಗಾಡಿಯೊಳಗೇ ಇದ್ದಾನೆ.

ಕರಾವಳಿಯಲ್ಲಿ ಅವನನ್ನು ಹುಡುಕಬೇಕಾದ್ದು ಮೊದಲು ಚಕ್ರದಲ್ಲಿ. 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಊರು ಅಂಕೋಲಾ. ಅಲ್ಲಿ ಉಪ್ಪು ಗಾಳಿಯಲ್ಲೇ ಇದೆ. ಜೊತೆಗೆ ನಾಲ್ಕು ತಿಂಗಳ ಮಳೆ. ಬ್ರೇಕಿನ ಕೇಬಲ್ಲು, ಕ್ಯಾಮು, ಕ್ಯಾಲಿಪರಿನ ಪಿನ್ನು ಎಲ್ಲ ತುಕ್ಕು ಹಿಡಿದು, ಕೈ ಬಿಟ್ಟರೂ ಬ್ರೇಕ್ ಪೂರ್ತಿ ಬಿಡೋದಿಲ್ಲ. ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿದರೆ ಒಂದೇ ಸುತ್ತಿಗೆ ನಿಲ್ಲುತ್ತೆ. ಹತ್ತು ಕಿ.ಮೀ. ಓಡಿಸಿ ಡ್ರಮ್ಮಿನ ಹತ್ತಿರ ಕೈ ಹಿಡಿದರೆ ಬಿಸಿ ಗೊತ್ತಾಗುತ್ತೆ (ಮುಟ್ಟಬೇಡಿ ಮಾರಾಯ್ರೆ). ಆಮೇಲೆ ಟೈರಿನ ಗಾಳಿ, ಏರ್ ಫಿಲ್ಟರ್, ಜಾರುವ ಕ್ಲಚ್. 2020ರ ಬಿಎಸ್6 ನಂತರದ ಗಾಡಿಗಳಲ್ಲಿ ತಿರುಗಿಸೋಕೆ ಸ್ಕ್ರೂ ಇಲ್ಲ. ಆಕ್ಸಿಜನ್ ಸೆನ್ಸರ್ ಕೆಟ್ಟರೆ ಇಸಿಯು ತಪ್ಪು ಲೆಕ್ಕದಲ್ಲಿ ಪೆಟ್ರೋಲ್ ಸುರೀತಾ ಇರುತ್ತೆ.

ಕೆಲವು ಸಲ ಗಾಡಿಯಲ್ಲಿ ದೋಷವೇ ಇರಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ಸುತ್ತು ಹಾಕಿ ಹೋದರೆ ಪೆಟ್ರೋಲ್ ಖರ್ಚು ಏರುತ್ತೆ ನಿಜ, ಆದರೆ ಅದು ಮೈಲೇಜ್ ಬಿದ್ದದ್ದಲ್ಲ, ದೂರ ಹೆಚ್ಚಾದದ್ದು. ಮೈಲೇಜ್ ಇಳಿಯೋದು ಆ ಸುತ್ತುದಾರಿ ಘಟ್ಟ ಹತ್ತಿದಾಗ, ಕ್ಯೂನಲ್ಲಿ ಎಂಜಿನ್ ಆರಿಸದೆ ನಿಂತಾಗ. ತಿಂಗಳ ಕೊನೆಗೆ ಜಿಪೇ ಲೆಕ್ಕ ನೋಡಿದರೆ ಈ ವ್ಯತ್ಯಾಸ ಕಾಣಲ್ಲ. ಅದಕ್ಕೆ ಹಳೇ ಡ್ರೈವರುಗಳ ವಿಧಾನವೇ ಬೇಕು: ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿ, ಮೀಟರ್ ಬರೆದಿಟ್ಟು, ಕಾರವಾರ–ಅಂಕೋಲಾ ನಾಲ್ಕೈದು ಸಲ ಹೋಗಿ ಬಂದು, ಅಲ್ಲೇ ಮತ್ತೆ ಫುಲ್ ಮಾಡಿಸಿ ಭಾಗಿಸೋದು. ಬ್ರೇಕ್ ಸರಿ ಮಾಡಿಸೋ ಮುಂಚೆ ಒಮ್ಮೆ, ಆಮೇಲೆ ಒಮ್ಮೆ.