ಆಂಟಿವೈರಸ್ ಪರೀಕ್ಷೆಗಳ ಅಂಕ ಮತ್ತು ಶ್ರೇಯಾಂಕ: 2013ರ ಮೈಕ್ರೋಸಾಫ್ಟ್ ಆಕ್ಷೇಪದ ಮರುಪರಿಶೀಲನೆ

ಆಂಟಿವೈರಸ್ ತಂತ್ರಾಂಶಗಳನ್ನು ಒರೆಗೆ ಹಚ್ಚುವ ಪ್ರಯೋಗಾಲಯಗಳಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್‌ನ ಎವಿ-ಟೆಸ್ಟ್, ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರಟಿವ್ಸ್, ಬ್ರಿಟನ್ನಿನ ಎಸ್‌ಇ ಲ್ಯಾಬ್ಸ್ ಪ್ರಮುಖವಾದವು. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸುವ ಕ್ರಮವಿಧಿ ಸಾಧ್ಯವಿಲ್ಲವೆಂದು ಫ್ರೆಡ್ ಕೋಹೆನ್ 1980ರ ದಶಕದಲ್ಲೇ ತೋರಿಸಿದ್ದರಿಂದ ಪರಿಪೂರ್ಣತೆಯ ಮಾತು ಇಲ್ಲಿ ಬರುವುದಿಲ್ಲ. ಉಳಿಯುವುದು ಹೋಲಿಕೆ ಮಾತ್ರ. ಕೂಡಿಟ್ಟ ಫೈಲುಗಳನ್ನು ಸ್ಕ್ಯಾನ್ ಮಾಡಿಸಿದರೆ ಸಾಲದು, ಜಾಲತಾಣದಿಂದ ಇಳಿಯುವ ದಾಳಿಯನ್ನು ಇದ್ದಂತೆಯೇ ಎದುರಿಸಬೇಕು, ಹುಸಿ ಎಚ್ಚರಿಕೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬ ಬಗ್ಗೆ ಈಗ ಹೆಚ್ಚಿನ ತಕರಾರಿಲ್ಲ. ತಕರಾರಿರುವುದು ಮಾದರಿಗಳ ಪ್ರಾತಿನಿಧ್ಯದ ಬಗ್ಗೆ.

ಇದಕ್ಕೆ ಉದಾಹರಣೆ: 2012ರ ಕೊನೆಯ ಸುತ್ತಿನಲ್ಲಿ ಮೈಕ್ರೋಸಾಫ್ಟ್‌ನ ಆಂಟಿವೈರಸ್ ತಂತ್ರಾಂಶವಾದ ಸೆಕ್ಯುರಿಟಿ ಎಸೆನ್ಷಿಯಲ್ಸ್‌ಗೆ ಎವಿ-ಟೆಸ್ಟ್ ಪ್ರಮಾಣಪತ್ರ ಕೊಡಲಿಲ್ಲ. ಹೊಚ್ಚಹೊಸ ಮಾಲ್‌ವೇರ್‌ನ 100 ಮಾದರಿಗಳಲ್ಲಿ ಅದು ಹಿಡಿದದ್ದು 72. ಮೈಕ್ರೋಸಾಫ್ಟ್ 2013ರ ಜನವರಿಯಲ್ಲಿ ಕೊಟ್ಟ ಉತ್ತರದ ಸಾರ ಇದು: ಪರೀಕ್ಷೆಯಲ್ಲಿ ತಪ್ಪಿಸಿಕೊಂಡ ಮಾದರಿಗಳಲ್ಲಿ 94% ತನ್ನ ಗ್ರಾಹಕರನ್ನು ಮುಟ್ಟಿಯೇ ಇಲ್ಲ, ತಟ್ಟಿದ್ದು 0.0033% ಗ್ರಾಹಕರಿಗೆ ಮಾತ್ರ. ಅಂದರೆ ಪ್ರಯೋಗಾಲಯ ಅಳೆದದ್ದು ಬಳಕೆದಾರರಿಗೆ ಎದುರಾಗದ ಅಪಾಯವನ್ನು.

ಈ ವಾದದ ಒಂದು ಭಾಗವನ್ನು ಒಪ್ಪಲೇಬೇಕು. ಲಕ್ಷ ಜನರನ್ನು ಕಾಡುವ ಮಾಲ್‌ವೇರ್‌ಗೂ ಹತ್ತು ಜನರಿಗಷ್ಟೇ ತಲುಪುವುದಕ್ಕೂ ಒಂದೇ ಅಂಕ ಕೊಟ್ಟರೆ ಶೇಕಡಾವಾರು ಫಲಿತಾಂಶ ನಿಜವಾದ ಅಪಾಯದ ಅಳತೆಯಾಗದು. ಆದರೆ ಇನ್ನೊಂದು ಭಾಗದಲ್ಲಿ ತೊಡಕಿದೆ. ಅನೇಕ ಮಾಲ್‌ವೇರ್ ಸರ್ವರ್‌ಗಳು ಪ್ರತಿ ಡೌನ್‌ಲೋಡ್‌ಗೂ ಫೈಲನ್ನು ಹೊಸದಾಗಿ ಕಟ್ಟಿ ಕೊಡುತ್ತವೆ. ಒಳಗಿನ ಕೆಡುಕು ಅದೇ (ಅಂದರೆ ಮಾಲ್‌ವೇರ್‌ನ ಕುಟುಂಬ ಒಂದೇ), ಹೊರಗಿನ ಬೈಟುಗಳು ಬೇರೆ, ಹಾಗಾಗಿ ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಕೂಡ ಬೇರೆ. ಪ್ರಯೋಗಾಲಯದ ಕೈಗೆ ಸಿಕ್ಕ ಪ್ರತಿ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕಾಣದಿರುವುದು ಇಲ್ಲಿ ಸಹಜವೇ. ‘ಈ ಫೈಲು ನಮ್ಮ ಗ್ರಾಹಕರಿಗೆ ಎದುರಾಗಲಿಲ್ಲ’ ಎನ್ನುವುದರಿಂದ ‘ಈ ಕುಟುಂಬದ ಮಾಲ್‌ವೇರ್ ಎದುರಾಗಲಿಲ್ಲ’ ಎಂಬ ತೀರ್ಮಾನ ಹೊರಡುವುದಿಲ್ಲ. ಮೈಕ್ರೋಸಾಫ್ಟ್ ಒಳಗೆ ಕುಟುಂಬವಾರು ಎಣಿಕೆಯನ್ನೂ ಮಾಡಿದ್ದಿರಬಹುದು. ಮೇಲಿನ 94% ಮಾತ್ರ ಮಾದರಿಗಳ ಲೆಕ್ಕ. ಅಷ್ಟರಮಟ್ಟಿಗೆ, ಮತ್ತು ಆ ಸುತ್ತಿಗೆ ಸೀಮಿತವಾಗಿ, ಆಕ್ಷೇಪವು ಪರೀಕ್ಷೆಯ ಫಲಿತಾಂಶವನ್ನು ದುರ್ಬಲಗೊಳಿಸುತ್ತದೆಯೇ ಹೊರತು ಅಳಿಸಿಹಾಕುವುದಿಲ್ಲ ಎನ್ನಬಹುದು.

ಸಂಖ್ಯಾಶಾಸ್ತ್ರದ ದೃಷ್ಟಿಯಿಂದಲೂ 72 ಎಂಬುದು ಬರೀ ಆಕಸ್ಮಿಕವಲ್ಲ. 100ರಲ್ಲಿ 72 ಎಂದರೆ 95% ವಿಶ್ವಾಸಮಟ್ಟದಲ್ಲಿ ನಿಜವಾದ ಪ್ರಮಾಣ ಸುಮಾರು 63ರಿಂದ 80ರ ನಡುವೆ ಇರಬಹುದು. 90 ಹಿಡಿದ ಉತ್ಪನ್ನದ ವ್ಯಾಪ್ತಿ ಸುಮಾರು 83ರಿಂದ 94. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ.

ಇದೇ ಲೆಕ್ಕವನ್ನು ಪಟ್ಟಿಯ ಮೇಲ್ತುದಿಗೆ ಹಚ್ಚಿದರೆ ಚಿತ್ರ ತಲೆಕೆಳಗಾಗುತ್ತದೆ. 400 ದಾಳಿಗಳ ಒಂದು ಪರೀಕ್ಷೆಯನ್ನು ಊಹಿಸಿಕೊಳ್ಳಬಹುದು. ಒಂದು ಉತ್ಪನ್ನ ಎಲ್ಲವನ್ನೂ ತಡೆದು 100% ಪಡೆಯಿತು. ಇನ್ನೊಂದು ಎರಡನ್ನು ಬಿಟ್ಟು 99.5% ಪಡೆಯಿತು. ಜಾಹೀರಾತಿನಲ್ಲಿ ಇದು ಮೊದಲ ಸ್ಥಾನ ಮತ್ತು ಐದನೆಯ ಸ್ಥಾನ. ಆದರೆ ಒಂದೇ ದಾಳಿಗಳಿಗೆ ಎರಡನ್ನೂ ಒಡ್ಡಿದಾಗ ಇಷ್ಟು ಅಂತರ ಕಾಕತಾಳೀಯವಾಗಿಯೇ ಬರುವ ಸಂಭವ ಅರ್ಧದಷ್ಟು. ಏನನ್ನೂ ಬಿಡದ ಉತ್ಪನ್ನಕ್ಕಿಂತ ಇನ್ನೊಂದು ಹಿಂದಿದೆ ಎನ್ನಬೇಕಾದರೆ, 5%ರ ವಾಡಿಕೆಯ ಮಿತಿಯಲ್ಲಿ, ಅದು ಕನಿಷ್ಠ ಆರು ದಾಳಿಗಳನ್ನು ಬಿಟ್ಟಿರಬೇಕು; ಐದು ಸಾಲದು. ಇದೂ ದಾಳಿಗಳು ಪರಸ್ಪರ ಸ್ವತಂತ್ರವೆಂದು ಎಣಿಸಿದಾಗಿನ ಮಾತು. ಒಂದೇ ಕುಟುಂಬದ ಹಲವು ಮಾದರಿಗಳು ಸೇರಿಕೊಂಡಿದ್ದರೆ 400ರ ನಿಜವಾದ ತೂಕ ಇನ್ನೂ ಕಡಿಮೆ. ಎವಿ-ಕಂಪ್ಯಾರಟಿವ್ಸ್ ಸಮೀಪದ ಫಲಿತಾಂಶಗಳನ್ನು ಗುಂಪುಗಳಾಗಿ ಸೇರಿಸಿ ಪ್ರಶಸ್ತಿ ಕೊಡುವುದಕ್ಕೆ ಇಂಥದೇ ಸಮರ್ಥನೆ ಇದೆ. ದಶಾಂಶದ ಮೋಹ ಓದುಗರದು. ಅದನ್ನು ಮಾರುಕಟ್ಟೆ ಚೆನ್ನಾಗಿ ಬಲ್ಲದು.

ಪರೀಕ್ಷೆಗೆ ಒಳಗಾದ ಉತ್ಪನ್ನವೇ ಗ್ರಾಹಕನ ಕೈ ಸೇರುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2015ರಲ್ಲಿ ಎವಿ-ಕಂಪ್ಯಾರಟಿವ್ಸ್, ಎವಿ-ಟೆಸ್ಟ್ ಮತ್ತು ಇನ್ನೊಂದು ಪರೀಕ್ಷಾ ಸಂಸ್ಥೆ ವೈರಸ್ ಬುಲೆಟಿನ್ ಒಟ್ಟಾಗಿ ಚೀನಾದ ಆಂಟಿವೈರಸ್ ಕಂಪನಿ ಚೀಹೂ 360ಕ್ಕೆ ಆ ವರ್ಷ ಕೊಟ್ಟಿದ್ದ ಪ್ರಮಾಣಪತ್ರಗಳನ್ನು ಹಿಂತೆಗೆದುಕೊಂಡವು. ಪರೀಕ್ಷೆಗೆ ಕಳಿಸಿದ ಆವೃತ್ತಿಯಲ್ಲಿ ಬಿಟ್‌ಡಿಫೆಂಡರ್ ಎಂಬ ಬೇರೆ ಕಂಪನಿಯ ಎಂಜಿನ್ (ಮಾಲ್‌ವೇರ್ ಪತ್ತೆಮಾಡುವ ಭಾಗ) ಚಾಲೂ ಇತ್ತು. ಸಾಮಾನ್ಯ ಬಳಕೆದಾರರ ಆವೃತ್ತಿಯಲ್ಲಿ ಅದು ಆಫ್ ಆಗಿದ್ದು, ಕಂಪನಿಯದೇ ಕ್ಯೂವಿಎಂ ಎಂಜಿನ್ ನಡೆಯುತ್ತಿತ್ತು. ಮೋಸ ಹೊರಬಿದ್ದದ್ದು ಪ್ರಯೋಗಾಲಯಗಳಿಂದಲೇ ಎಂಬುದು ಅವುಗಳ ಪರವಾಗಿ ನಿಲ್ಲುವ ಸಂಗತಿ.

ಹಾಗಾಗಿ ಈ ಪರೀಕ್ಷೆಗಳು ಸ್ಪಷ್ಟವಾಗಿ ಹಿಂದುಳಿದ ಉತ್ಪನ್ನಗಳನ್ನು ಬದಿಗಿಡಲು, ಅದರಲ್ಲೂ ಹಲವು ಸುತ್ತುಗಳನ್ನು ಒಟ್ಟಿಗೆ ನೋಡಿದಾಗ, ನೆಚ್ಚಬಹುದಾದ ಆಧಾರ. ಮುಂಚೂಣಿಯಲ್ಲಿರುವವುಗಳ ನಡುವೆ ಆರಿಸಲು ಹುಸಿ ಎಚ್ಚರಿಕೆ, ಕಂಪ್ಯೂಟರಿನ ವೇಗ, ಬೆಲೆ ಹೆಚ್ಚು ಉಪಯುಕ್ತ. ಆದರೆ ವಿಂಡೋಸ್ ಕಂಪ್ಯೂಟರುಗಳ ಪಟ್ಟಿಯ ಅಂಕ ಫೋನಿಗೆ ಅನ್ವಯಿಸದು. ಮದುವೆ ಆಮಂತ್ರಣದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ (ಆಂಡ್ರಾಯ್ಡ್ ಆ್ಯಪ್) ಫೈಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹರಡುವಿಕೆಗೆ ತಕ್ಕಂತೆ ಮಾದರಿಗಳಿಗೆ ತೂಕ ಕೊಡುವ ಬಗೆ ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕೆ ಬೇಕಾದ ಮಾಹಿತಿಯ ದೊಡ್ಡ ಪಾಲು ಪರೀಕ್ಷೆಗೆ ಒಳಗಾಗುವ ಕಂಪನಿಗಳಲ್ಲೇ ಇದೆ. ಬಳಕೆದಾರರ ನಡವಳಿಕೆಯೂ ಲೆಕ್ಕದ ಹೊರಗೇ ಉಳಿದಿದೆ. ಕೆನಡಾದಲ್ಲಿ 50 ಜನರ ಲ್ಯಾಪ್‌ಟಾಪ್‌ಗಳನ್ನು ನಾಲ್ಕು ತಿಂಗಳು ಗಮನಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಂಪ್ಯೂಟರ್ ಚೆನ್ನಾಗಿ ಬಲ್ಲವರೇ ಹೆಚ್ಚು ಅಪಾಯಕ್ಕೆ ಒಳಗಾಗುವ ಸೂಚನೆ ಕಂಡಿತ್ತು. 50 ಜನರ ಗುಂಪು ಚಿಕ್ಕದು. ಅದೇ ಫಲಿತಾಂಶ ದೊಡ್ಡ ಗುಂಪಿನಲ್ಲೂ, ಬೇರೆ ದೇಶಗಳಲ್ಲೂ ನಿಲ್ಲುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕಿದೆ.