ಬಿಸಿಲಿನ ಬೆಳೆ

ನನ್ನ ತಾಯಿಯ ತವರು ಮಳವಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರಿನಾಚೆ, ಹೊಲಗಳ ಮೇಲೆ, ಶಿವನಸಮುದ್ರದಿಂದ ಹೊರಟ ವಿದ್ಯುತ್ತಿನ ತಂತಿಗಳು ಹಾದುಹೋಗುತ್ತಿದ್ದುವು. ಬೇಸಗೆಯ ರಜಕ್ಕೆ ಹೋದ ನಾವು ಹುಡುಗರು ಹಿರಿಯರ ಕಣ್ಣು ತಪ್ಪಿಸಿ ಕಂಬದ ಬಳಿ ನಿಂತು ಅದರ ಗುಂಯ್‌ಗುಟ್ಟುವ ಸದ್ದನ್ನು ಕೇಳುತ್ತಿದ್ದೆವು. ಸಂಜೆ ಮನೆಗೆ ಬಂದರೆ ಅಜ್ಜಿ ಜಗಲಿಯ ಮೇಲೆ ಕುಳಿತು ಲಾಟೀನಿನ ಗಾಜನ್ನು ಬೂದಿ ಹಚ್ಚಿ ಒರೆಸುತ್ತಿರುವಳು. “ಹೊಳೆ ನಮ್ಮದು, ದೀಪ ಯಾರ ಮನೆಯದೋ” ಎಂದು ಆಕೆ ಆಗಾಗ ಹೇಳುವುದಿತ್ತು. ಆ ಮಾತನ್ನು ನಾವು ಆಗ ಹಾಸ್ಯವೆಂದೇ ಎಣಿಸಿದ್ದೆವು.

ಅಜ್ಜಿಯ ಮಾತು ಚರಿತ್ರೆಯ ಮಾತು. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಬೆಳಗಿದ್ದು ಕಾವೇರಿ ತೀರದ ಮನೆಗಳನ್ನಲ್ಲ. 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸಾಹಸ ಸಣ್ಣದೆಂದು ಯಾರೂ ಹೇಳಲಾರರು. ಆ ಕಾಲಕ್ಕೆ ಜಗತ್ತಿನಲ್ಲಿಯೇ ಅಷ್ಟು ದೂರ ಸಾಗಿದ ತಂತಿಗಳು ಅಪರೂಪವಾಗಿದ್ದುವು. ಆದರೆ ಗಣಿಗಳನ್ನು ನಡೆಸುತ್ತಿದ್ದವು ಇಂಗ್ಲಿಷರ ಕಂಪೆನಿಗಳು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ನಗರವಾಸಿಗಳಾದ ನಾವು ಆ ದಿನವನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ತಂತಿಯ ಕೆಳಗಿನ ಹಳ್ಳಿಗಳು ದಶಕಗಳ ಕಾಲ ಕಾದುವು.

ಅದೇ 1905ರಲ್ಲಿ, ಅತ್ತ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನಮ್ಮ ದೇಶದ ಮೊತ್ತಮೊದಲ ಕೃಷಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ದೀಪಕ್ಕೂ ಸಹಕಾರಕ್ಕೂ ಅಂದು ಪರಸ್ಪರ ಪರಿಚಯವಿರಲಿಲ್ಲ. ಅವೆರಡೂ ಕೂಡಿದ್ದು ಬಹಳ ತಡವಾಗಿ. ಗ್ರಾಮೀಣ ವಿದ್ಯುದೀಕರಣ ನಿಗಮ 1969ರಲ್ಲಿ ಸ್ಥಾಪನೆಯಾದಾಗ ದೇಶದಲ್ಲಿ ಪ್ರಯೋಗಾರ್ಥವಾಗಿ ಐದು ವಿದ್ಯುತ್ ಸಹಕಾರ ಸಂಘಗಳು ಹುಟ್ಟಿದುವು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯದು ಅವುಗಳಲ್ಲಿ ಒಂದು. ಅಲ್ಲಿ ವಿದ್ಯುತ್ತನ್ನು ಹಂಚುವವರು ಊರವರ ಸಂಘದವರೇ. ಆದರೂ ಹಂಚುವ ಸರಕು ಹೊರಗಿನಿಂದ ಕೊಂಡು ತಂದದ್ದು. ಸರಕನ್ನೂ ಊರಿನಲ್ಲಿಯೇ ಬೆಳೆಯಬಹುದೆಂದು ತೋರಿಸಲು ಸೂರ್ಯನೇ ಬರಬೇಕಾಯಿತು.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಢುಂಡಿ ಎಂಬ ಹಳ್ಳಿಯಿದೆ. ಆ ಸೀಮೆಯ ಹೆಸರು ಕೇಳಿದೊಡನೆ ವಾಚಕರಿಗೆ ಹಾಲಿನ ನೆನಪಾದರೆ ಆಶ್ಚರ್ಯವಿಲ್ಲ. ತ್ರಿಭುವನದಾಸ ಪಟೇಲರ ನೇತೃತ್ವದಲ್ಲಿ ಹಾಲಿನ ಸಹಕಾರ ಸಂಘ 1946ರಲ್ಲಿ ಹುಟ್ಟಿದ್ದು ಅಲ್ಲಿಯೇ. ಢುಂಡಿಯ ಆರು ಮಂದಿ ರೈತರು 2016ರಲ್ಲಿ ಸೌರಶಕ್ತಿ ಉತ್ಪಾದಕರ ಸಹಕಾರ ಸಂಘವೊಂದನ್ನು ಮಾಡಿಕೊಂಡರು. ಅದುವರೆಗೆ ಅವರು ಡೀಸೆಲ್ ಪಂಪುಗಳಿಂದ ನೀರೆತ್ತುತ್ತಿದ್ದವರು. ಡೀಸೆಲಿಗೆ ಕೊಟ್ಟ ಹಣ ಹೊಗೆಯಾಗಿ ಹೋಗುವುದಲ್ಲದೆ ಊರನ್ನೂ ಬಿಟ್ಟು ಹೋಗುತ್ತಿತ್ತು. ಈಗ ಹೊಲದಂಚಿನಲ್ಲಿ ಬಿಸಿಲಿನ ಫಲಕಗಳು ನಿಂತುವು. ಆರು ಜನರದೂ ಕೂಡಿ 56 ಕಿಲೋವಾಟ್ ಚಿಲ್ಲರೆ.

ಇಲ್ಲಿಯ ಸೂಕ್ಷ್ಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಂಪಿಗೆ ವರ್ಷದ ಎಲ್ಲ ದಿನವೂ ಕೆಲಸವಿರುವುದಿಲ್ಲ. ಸೂರ್ಯನೋ ರಜ ತೆಗೆದುಕೊಳ್ಳುವವನಲ್ಲ. ಮಿಕ್ಕ ಬಿಸಿಲನ್ನು ಏನು ಮಾಡುವುದು? ಬಿಟ್ಟಿ ಬರುತ್ತದೆಯೆಂದು ರೈತನು ಪಂಪನ್ನು ಓಡಿಸುತ್ತಲೇ ಇದ್ದರೆ ಅಂತರ್ಜಲ ಬರಿದಾಗುತ್ತದೆ. 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಉಚಿತ ವಿದ್ಯುತ್ತು ಕೊಟ್ಟಿರುವ ನಮ್ಮ ನಾಡಿಗೆ ಆ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಢುಂಡಿಯವರು ಮಿಕ್ಕದ್ದನ್ನು ಸರ್ಕಾರಿ ವಿತರಣ ಕಂಪೆನಿಗೆ ಮಾರಿದರು. ಇಪ್ಪತ್ತೈದು ವರ್ಷದ ಕರಾರು. ಯೂನಿಟ್ಟಿಗೆ 4 ರೂಪಾಯಿ 63 ಪೈಸೆ. ಪ್ರಯೋಗಕ್ಕೆ ಬೆಂಬಲವಾಗಿ ನಿಂತ ಅಂತಾರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ ಅದರ ಮೇಲೆ ಶುದ್ಧ ವಿದ್ಯುತ್ತಿಗೆಂದು 1 ರೂಪಾಯಿ 25 ಪೈಸೆ, ನೀರು ಉಳಿಸಿದ್ದಕ್ಕೆಂದು ಇನ್ನೊಂದು 1 ರೂಪಾಯಿ 25 ಪೈಸೆ ಸೇರಿಸಿತು. ಪ್ರತಿಯಾಗಿ ರೈತರು ಆ ಇಪ್ಪತ್ತೈದು ವರ್ಷ ಅಗ್ಗದ ಸರ್ಕಾರಿ ವಿದ್ಯುತ್ ಸಂಪರ್ಕವನ್ನು ಕೇಳುವುದಿಲ್ಲವೆಂದು ಒಪ್ಪಿದರು. ಹೀಗೆ ಅನಾವಶ್ಯಕವಾಗಿ ಎತ್ತಿದ ನೀರಿಗೆ ಒಂದು ಬೆಲೆ ಬಂದಿತು. ಕೈ ತಾನಾಗಿ ಹಿಡಿತಕ್ಕೆ ಬಂದಿತು.

ಸಂಘವೇಕೆ, ಒಬ್ಬೊಬ್ಬನೇ ಮಾರಬಾರದಿತ್ತೆ ಎಂದು ಕೇಳುವವರುಂಟು. ಮನೆಮನೆಗೆ ಹೋಗಿ ಎರಡು ಸೇರು ಹಾಲನ್ನು ಅಳೆದು ಕೊಳ್ಳುವ ವ್ಯಾಪಾರಿ ತನ್ನ ಕಾಲ್ನಡಿಗೆಯ ಖರ್ಚನ್ನು ಹಾಲಿನ ಬೆಲೆಯಲ್ಲಿಯೇ ಮುರಿದುಕೊಳ್ಳುತ್ತಾನೆ. ವಿದ್ಯುತ್ ಕಂಪೆನಿಗೂ ಹೊಲಹೊಲದ ಲೆಕ್ಕ ದುಬಾರಿಯೇ. ಆರು ಹೊಲಗಳ ವಿದ್ಯುತ್ತು ಒಂದೇ ಕಡೆ ಕೂಡಿ, ಒಂದೇ ಮೀಟರಿನ ಮೂಲಕ ಹೊರಗೆ ಹೋದರೆ, ಕಂಪೆನಿಗೆ ಲೆಕ್ಕ ಸುಲಭ. ಒಳಗಿನ ಪಾಲನ್ನು ಸಂಘ ನೋಡಿಕೊಳ್ಳುತ್ತದೆ. ಪಂಪಿಲ್ಲದ ನೆರೆಯ ಬಡರೈತರಿಗೂ ಲಾಭವಾಯಿತು. ಡೀಸೆಲಿನ ಕಾಲಕ್ಕಿಂತ ಅಗ್ಗವಾಗಿ ಅವರಿಗೆ ನೀರು ಸಿಕ್ಕಿತು. ಈ ಕಡೆಯ ಸಂಗತಿಯೇ ನನಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ತೋರುತ್ತದೆ.

ನಮ್ಮ ಪಾವಗಡವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸುಮಾರು 13,000 ಎಕರೆ, 2,050 ಮೆಗಾವಾಟ್. 2019ರಲ್ಲಿ ಪೂರ್ಣಗೊಂಡ ಸೌರ ಉದ್ಯಾನ. ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು ದೊಡ್ಡ ವಿವೇಕವೇ ಸರಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ, ಮಳೆ ಕೈಕೊಡುವ ಆ ಸೀಮೆಯಲ್ಲಿ ಅಲ್ಪವಲ್ಲ. ಆದರೆ ಬಾಡಿಗೆ ಹೊಲದ ಒಡೆಯನಿಗೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳಿಗೆ ಹೊಲವೂ ಇಲ್ಲ, ಬಾಡಿಗೆಯೂ ಇಲ್ಲ. ಬಿಸಿಲಿನ ವ್ಯಾಪಾರದ ಲಾಭ ಕಂಪೆನಿಗಳದು. ಅಜ್ಜಿ ಬದುಕಿದ್ದರೆ ಹೊಳೆಯ ಜಾಗದಲ್ಲಿ ಬಿಸಿಲನ್ನು ಸೇರಿಸಿ ಅದೇ ಮಾತನ್ನು ಆಡುತ್ತಿದ್ದಳೋ ಏನೋ.

ಢುಂಡಿಯನ್ನು ಹೊಗಳುವಾಗ ನಾನು ಒಂದು ಸಂಗತಿಯನ್ನು ಮುಚ್ಚಿಡಬಾರದು. ಅಲ್ಲಿಯ ಬಂಡವಾಳದ ಹೆಚ್ಚಿನ ಪಾಲು ರೈತರದಲ್ಲ, ಸಂಸ್ಥೆಯದು. ಊರುಗೋಲು ಹಿಡಿದು ನಡೆದವನನ್ನು ಓಟಗಾರನೆನ್ನಬಹುದೆ ಎಂದು ಗೆಳೆಯರೊಬ್ಬರು ನನ್ನನ್ನು ಛೇಡಿಸಿದರು. ಗುಜರಾತ್ ಸರ್ಕಾರ 2018ರಲ್ಲಿ ಇದೇ ಕಲ್ಪನೆಯ ಮೇಲೆ ಸೂರ್ಯಶಕ್ತಿ ಕಿಸಾನ್ ಯೋಜನೆಯನ್ನು ಹೂಡಿತು; ಮರುವರ್ಷ ಕೇಂದ್ರ ಸರ್ಕಾರದ ಕುಸುಮ್ ಯೋಜನೆ ಬಂದಿತು. ಅವುಗಳಿಗೂ ಸಹಾಯಧನದ ಊರುಗೋಲು ಇದೆ. ಗೆಳೆಯರಿಗೆ ನಾನು ಹೇಳಿದ್ದು ಇಷ್ಟೆ: ಢುಂಡಿಯಲ್ಲಿ ಮೊದಲಿನ ಆರು ಜನರಿಗೆ ಹಣ ಬರುವುದನ್ನು ಕಣ್ಣಾರೆ ನೋಡಿದ ಮೇಲೆ ಇನ್ನು ಮೂವರು ರೈತರು ಸಂಘಕ್ಕೆ ಸೇರಿದರು. ಮೊದಲಿನವರು ಹಾಕಿದ್ದಕ್ಕಿಂತ ಹೆಚ್ಚು ಹಣವನ್ನು ಅವರು ತಮ್ಮ ಕೈಯಿಂದ ಹಾಕಿದರು.